ಪಂಢರಿಯ ಎರಡನೇ ಪೈಪು

ಹೈದರಾಬಾದಿನಲ್ಲಿ ಮುಚ್ಚಿಹೋದ ಯಾವುದೋ ಹೋಟೆಲಿನಿಂದ ಆ ಗಾಜಿನ ತೊಟ್ಟಿ ಟೆಂಪೋದಲ್ಲಿ ಬೀದರಿನ ನಮ್ಮ ಓಣಿಗೆ ಬಂತು. ಟೆಂಪೋ ನಿಲ್ಲುವ ಮೊದಲೇ ಅದರ ನಾತ ಬಂದಿತ್ತು. ಒಳಗೆ ಸತ್ತು ಒಣಗಿದ ಶಂಖದ ಹುಳುಗಳು, ಮೂಲೆಯಲ್ಲಿ ಹಸಿರು ಲೋಳೆ, ಗಾಜಿನ ಮೇಲೆ ಬೆರಳು ದಪ್ಪ ಉಪ್ಪು. ನಾನು ಧೋತರದ ಚುಂಗನ್ನು ಮೂಗಿಗೆ ಹಿಡಿದು ನಿಂತೆ. ಅದು 2016ರ ಮಾರ್ಚ್ ತಿಂಗಳು. ನಳಕ್ಕೆ ಹನ್ನೆರಡು ದಿನಕ್ಕೊಮ್ಮೆ ನೀರು, ಅದೂ ಅರ್ಧ ತಾಸು. ಔರಾದ ಕಡೆಯ ಹಳ್ಳಿಗಳಲ್ಲಿ ಜನ ಮನೆಗೆ ಬೀಗ ಹಾಕಿ ಪುಣೆ, ಹೈದರಾಬಾದು ಎಂದು ಗಂಟು ಕಟ್ಟಿದ್ದರು. ಅಂಥ ವರ್ಷದಲ್ಲಿ ನಮ್ಮ ಶಿವರಾಜಪ್ಪನಿಗೆ ಮನೆಯ ದೊಡ್ಡ ಹಾಲ್‌ನಲ್ಲಿ ಸಮುದ್ರ ಬೇಕಾಗಿತ್ತು.

ಶಿವರಾಜಪ್ಪನಿಗೆ ಭಾಲ್ಕಿಯಲ್ಲಿ ತೊಗರಿ ವ್ಯಾಪಾರ, ಮನೆ ನಮ್ಮ ಓಣಿಯಲ್ಲಿ. ಮಳೆ ಹೋದ ವರ್ಷ ತೊಗರಿಯ ದರ ಏರಿತು, ಅವನ ಹೊಟ್ಟೆಯೂ ಏರಿತು. ಊರಿಗೆ ಬರ ಬಂದರೆ ಅವನಿಗೆ ಸುಗ್ಗಿ. ಯಾವುದೋ ಮದುವೆಗೆ ಹೋದಾಗ ದೊಡ್ಡವರ ಮನೆಯಲ್ಲಿ ಉಪ್ಪುನೀರಿನ ಬಣ್ಣದ ಮೀನು ನೋಡಿಬಂದಿದ್ದ. ಅಂದಿನಿಂದ ನಿದ್ದೆ ಇಲ್ಲ. ಹಳೆಯದಾದರೂ ಸರಿ, ಆರು ಅಡಿಯದೇ ಬೇಕು ಎಂದು ತರಿಸಿದ. ಅದನ್ನು ಜೋಡಿಸಲು ಪಂಢರಿಯನ್ನು ಕರೆಸಿದ.

ಪಂಢರಿ ನನ್ನ ವಿದ್ಯಾರ್ಥಿ. ಔರಾದದ ಸಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರನಾಗಿದ್ದಾಗ ಏಳನೆಯ ಇಯತ್ತೆಯಲ್ಲಿದ್ದ. ಎರಡು ಬಾಟಲಿ, ಒಂದು ರಬ್ಬರ್ ನಳಿಗೆ ಇಟ್ಟು ನೀರು ಹೇಗೆ ಮೇಲೇರಿ ಕೆಳಗಿಳಿಯುತ್ತದೆ ಎಂದು ತೋರಿಸಿದ್ದೆ. ಇವನು ಸಂಜೆ ಮನೆಗೆ ಹೋಗಿ ಅದೇ ಉಪಾಯದಿಂದ ಮಾವನ ಹೆಂಡದ ಗಡಿಗೆ ಖಾಲಿ ಮಾಡಿ ಪೆಟ್ಟು ತಿಂದ. ಆ ವರ್ಷವೇ ಸಾಲೆ ಬಿಟ್ಟು ಬೀದರಿನ ಉಸ್ಮಾನ ಮಿಯಾ ಎಂಬ ನಳದ ಮಿಸ್ತ್ರಿಯ ಕೈಕೆಳಗೆ ಸೇರಿದ. ಮೂವತ್ತೈದು ವರ್ಷ ಊರಿನ ಗೋಡೆಗಳೊಳಗೆ ಪೈಪು ಕೂಡಿಸಿದ್ದಾನೆ. ಓಣಿಯ ಹಿಂದೆ ತಗಡಿನ ಮನೆ, ಒಳಗೆ ಬುದ್ಧನ ಪಟ, ಹೆಂಡತಿ ಭಾಗೀರಥಿಬಾಯಿ. ತಮ್ಮಂದಿರಿಬ್ಬರೂ ಪುಣೆಗೆ ಹೋಗಿದ್ದರು, ನೀನೂ ಬಾ ಎಂದು ವಾರಕ್ಕೊಮ್ಮೆ ಫೋನು ಮಾಡುತ್ತಿದ್ದರು. ಇವನು ಹೋಗಲಿಲ್ಲ. ಇಲ್ಲಿನ ಪ್ರತಿ ಮನೆಯ ಪೈಪು ತನಗೆ ಗೊತ್ತು, ಅಲ್ಲಿ ಹೋಗಿ ಯಾರಿಗೋ ಇಟ್ಟಿಗೆ ಹೊರಲೇ ಎನ್ನುತ್ತಿದ್ದ.

ಅವನ ಕೆಲಸಕ್ಕೆ ಒಂದು ರೀತಿ ಇತ್ತು. ಬೇರೆ ಮಿಸ್ತ್ರಿಗಳು ನೀರು ಎಲ್ಲಿಂದ ಬರಬೇಕು ಎಂದು ಕೇಳುತ್ತಾರೆ. ಇವನ ಮೊದಲ ಪ್ರಶ್ನೆ ಬೇರೆ.

"ನೀರು ದಾರಿ ತಪ್ಪಿದರ ಎಲ್ಲಿ ಹೋಗ್ತದರಿ ಸಾಹುಕಾರ?" ಎಂದು ಹಾಲಿನ ನಡುವೆ ನಿಂತು ಕೇಳಿದ.

ಶಿವರಾಜಪ್ಪನಿಗೆ ಅರ್ಥವಾಗಲಿಲ್ಲ. ಪಂಢರಿ ನೆಲ ತೋರಿಸಿದ. ತೊಟ್ಟಿ ಕೂಡಿಸುವ ಜಾಗದಿಂದ ನಾಲ್ಕು ಮಾರು ದೂರದಲ್ಲಿ, ಅದೇ ಹಾಲಿನ ಮೂಲೆಯಲ್ಲಿ, ನೆಲದೊಳಗಿನ ಸಂಪಿನ ಮುಚ್ಚಳ. ಟ್ಯಾಂಕರಿನ ಸಿಹಿನೀರು ತುಂಬಿಡುವ ಸಂಪು ಅದು. ನೆಲದ ಇಳಿಜಾರು ನೇರ ಅತ್ತಲೇ. ಮುಚ್ಚಳದ ಸುತ್ತ ಎರಡಿಂಚು ಕಟ್ಟೆ ಕಟ್ಟುತ್ತೇನೆ ಎಂದ. ಬಂದವರ ಕಾಲಿಗೆ ಎಡವುತ್ತದೆ, ಗ್ರ್ಯಾನೈಟಿನ ಅಂದ ಕೆಡುತ್ತದೆ ಎಂದು ಸಾಹುಕಾರನ ಹೆಂಡತಿ ರುಕ್ಮಿಣಿಬಾಯಿ ಒಪ್ಪಲಿಲ್ಲ.

"ಹಂಗಾದ್ರ ನನಗ ಕೂಲಿ ಬ್ಯಾಡ್ರಿ," ಎಂದ ಪಂಢರಿ. "ಸಂಪಿನ ಮೋಟರಿನಿಂದ ಹೊರಗ ಓಣಿ ಕಡೆ ಒಂದು ನಳ ಹಚ್ಚಿಕೊಡ್ತೇನಿ. ಹನ್ನೊಂದು ಮನಿ ಅವ. ಮುಂಜಾನೆ ಮನಿಗೆ ಎರಡೆರಡು ಕೊಡ ಬಿಡ್ರಿ, ಮಳಿ ಬರೋತನಕ."

ಶಿವರಾಜಪ್ಪ ಲೆಕ್ಕ ಹಾಕಿ ಹೂಂ ಅಂದ. ಅವನು ಲಾಭವಿಲ್ಲದೆ ಹೂಂ ಅನ್ನುವವನಲ್ಲ. ಓಣಿಯ ಹೆಂಗಸರು ಮೈಲಿಗಟ್ಟಲೆ ಕೊಡ ಹೊರುವುದು ನಿಂತೀತು ಎಂಬ ಆಸೆಯಿಂದ ನಾವೆಲ್ಲ ಆ ಹೊಲಸು ತೊಟ್ಟಿಗೆ ಒಳ್ಳೆಯದನ್ನೇ ಬಯಸಿದೆವು.

ಹನ್ನೊಂದು ದಿನ ಪಂಢರಿ ಆ ನಾತದಲ್ಲೇ ಕುಳಿತ. ಬ್ಲೇಡಿನಿಂದ ಉಪ್ಪು ಕೆರೆದ, ಸಿರ್ಕಾದ ಹುಳಿನೀರಿನಿಂದ ಗಾಜು ಉಜ್ಜಿದ, ಮೂಲೆಗಳ ಹಳೆಯ ಅಂಟು ಕಿತ್ತು ಹೊಸದು ಎಳೆದ. ಅವನಿಗೆ ಕಿಟಕಿಯ ಹೊರಗಿಟ್ಟ ಬೇರೆ ಗ್ಲಾಸಿನಲ್ಲಿ ಚಹಾ. ಸಂಪಿಗೆ ಇಳಿದು ಕೆಸರು ಬಳಿಯಲು ಪಂಢರಿ ಆಗುತ್ತಾನೆ, ಮನೆಯ ಕಪ್ಪು ಮುಟ್ಟಲು ಆಗುವುದಿಲ್ಲ. ಇದನ್ನು ನೋಡುತ್ತ ನಾನು ಒಳಗೆ ಕುರ್ಚಿಯ ಮೇಲೆ ಕುಳಿತು ಪೇಪರು ಓದುತ್ತಿದ್ದೆ.

ಮೀನಿನ ನೀರಿಗೂ ಮಡಿ ಬೇಕು. ಶುದ್ಧ ಮಾಡುವ ಯಂತ್ರ ಒಂದು ಕೊಡ ಒಳ್ಳೆಯ ನೀರು ಕೊಟ್ಟು ಮೂರು ಕೊಡ ಹೊರಗೆ ಉಗುಳುತ್ತಿತ್ತು. ಮೊದಲ ದಿನ ಅದು ಗಟಾರಕ್ಕೇ ಹೋಯಿತು. ಪಂಢರಿ ಎರಡನೆಯ ದಿನ ಒಂದು ಡ್ರಮ್ಮು ಇಟ್ಟ. ಅದರಲ್ಲಿ ಓಣಿಯವರು ಬಟ್ಟೆ ಒಗೆದರು.

ಜೋಡಣೆ ಹೀಗಿತ್ತು. ಮೇಲೆ ದೊಡ್ಡ ತೊಟ್ಟಿ, ಕೆಳಗೆ ಕಪಾಟಿನಲ್ಲಿ ಚಿಕ್ಕದು. ಕೆಳಗಿನ ಮೋಟರು ನೀರನ್ನು ಮೇಲಕ್ಕೆ ತಳ್ಳುತ್ತದೆ, ಮೇಲಿನದು ಮೂಲೆಯ ಪೈಪಿನಿಂದ ಕೆಳಗಿಳಿಯುತ್ತದೆ. ಆ ಪೈಪು ಕಟ್ಟಿಕೊಂಡರೆ ಮೋಟರಿಗೇನು ಗೊತ್ತು? ತಳ್ಳುತ್ತಲೇ ಇರುತ್ತದೆ, ಕೆಳಗಿನದೆಲ್ಲ ಮೇಲಿನಿಂದ ಹಾಲಿಗೆ ಉಕ್ಕುತ್ತದೆ. ಅದಕ್ಕೇ ಪಂಢರಿ ಪಕ್ಕದಲ್ಲಿ ಎರಡನೇ ಪೈಪು ನಿಲ್ಲಿಸಿದ. ಮೊದಲನೆಯದಕ್ಕಿಂತ ಒಂದಿಂಚು ಎತ್ತರ, ಬಾಯಿ ತೆರೆದದ್ದು, ಅದೂ ಕೆಳಗಿನ ತೊಟ್ಟಿಗೇ ಇಳಿಯುವಂಥದ್ದು. ಕರೆಂಟು ಹೋದಾಗ ಮೇಲಿನ ನೀರು ತಳ್ಳುವ ಪೈಪಿನಿಂದಲೇ ಹಿಂದಕ್ಕೆ ಇಳಿಯಬಾರದೆಂದು ಆ ಪೈಪಿಗೆ ನೀರಿನ ಮಟ್ಟದ ಹತ್ತಿರ ಸಣ್ಣ ತೂತು ಕೊರೆದ. "ನೀವು ಕಲಿಸಿದ್ದರಿ ಸರ್, ಗಾಳಿ ಹೊಕ್ಕರ ಎಳೆಯೋದು ನಿಂದರ್ತದ," ಎಂದ. ನನ್ನ ಎದೆ ಒಂದು ಗೇಣು ಉಬ್ಬಿತು.

ಪರೀಕ್ಷೆಗೆ ಸಿಹಿನೀರು ಮುಟ್ಟಲಿಲ್ಲ, ಡ್ರಮ್ಮಿನ ನೀರನ್ನೇ ತುಂಬಿದ. ಮೊದಲ ಪೈಪನ್ನು ತಾನೇ ಅಂಗೈಯಿಂದ ಒತ್ತಿ ಮುಚ್ಚಿದ. ನೀರು ಒಂದಿಂಚು ಏರಿತು, ಎರಡನೇ ಪೈಪಿಗೆ ಗೊಳಗೊಳ ಬಿತ್ತು. ನೆಲಕ್ಕೆ ಒಂದು ಹನಿ ಬೀಳಲಿಲ್ಲ.

"ಇದು ಯಾವಾಗಲೂ ಒಣಗಿರ್ಬೇಕ್ರಿ," ಎಂದು ರುಕ್ಮಿಣಿಬಾಯಿಗೂ ನನಗೂ ತೋರಿಸಿ ಹೇಳಿದ. "ಖಾಲಿ ಅದ ಅಂತ ಯಾರೂ ಇದರ ಬಾಯಿ ಮುಚ್ಚಬ್ಯಾಡ್ರಿ."

ಮರುದಿನ ತೊಟ್ಟಿಗೆ ಉಪ್ಪು ಬೆರೆಸಿದ ಶುದ್ಧ ನೀರು ತುಂಬಿ ಮೀನೂ ಶಂಖದ ಹುಳುಗಳೂ ಬಿಟ್ಟರು, ಓಣಿಯ ನಳವೂ ಹರಿಯಿತು. ಎದುರುಮನೆಯ ಅಕ್ತರಬೀ ಮೊದಲ ಕೊಡ ಹಿಡಿದು, "ಅಲ್ಲಾ ನಿನ್ನ ಕೈ ತಣ್ಣಗ ಇಡಲಿ ಪಂಢರಿ," ಎಂದಳು. ಒಂದು ತಿಂಗಳು ಸಿಹಿನೀರು ಕುಡಿದೆವು.

ಇನ್ನು ನನ್ನ ಹೇಸಿಗೆಯ ಕೆಲಸ ಹೇಳಬೇಕು. ಆ ಬೇಸಿಗೆಯಲ್ಲಿ ಬೀದರಿನ ಮಾಳಿಗೆಗಳನ್ನು ನೋಡಿದವರಿಗೆ ಗೊತ್ತು, ನೀರಿನ ಒಂದು ಟಾಕಿಯಲ್ಲೂ, ತುಂಬಿ ಹೆಚ್ಚಾದದ್ದು ಹೊರಗೆ ಹೋಗುವ ಪೈಪು ತೆರೆದಿರಲಿಲ್ಲ. ಎಲ್ಲರೂ ಹಳೆ ಅರಿವೆ ಹೊಸೆದು ಬಾಯಿಗೆ ತುರುಕಿದ್ದೆವು. ನೀರು ಬಂದ ಅರ್ಧ ತಾಸು ಒಬ್ಬರು ಟಾಕಿಯ ಹತ್ತಿರ ಬಕೆಟ್ ಹಿಡಿದು ನಿಲ್ಲುವುದು, ಪೈಪಿನಿಂದ ಒಂದು ಹನಿಯೂ ಹೊರಗೆ ಬೀಳಗೊಡದಿರುವುದು. ತೆರೆದ ಪೈಪು ಕಂಡರೆ ಬೈದು ಮುಚ್ಚಿಸುತ್ತಿದ್ದೆವು. ಏಪ್ರಿಲ್‌ನ ಒಂದು ಮಧ್ಯಾಹ್ನ ಶಿವರಾಜಪ್ಪನ ಹಾಲಿನಲ್ಲಿ ನಾನೊಬ್ಬನೇ ಮೀನು ನೋಡುತ್ತ ಕುಳಿತಿದ್ದೆ. ನೀರಿನ ಅಂಚಿಗೇ ಆ ತೆರೆದ ಬಾಯಿ. ಇನ್ನೇನು ಅದರೊಳಗೆ ಹೋಗಿ ವ್ಯರ್ಥವಾಗುತ್ತದೆ ಎನಿಸಿತು. ಗಾಜು ಒರೆಸುವ ಅರಿವೆ ಪಕ್ಕದಲ್ಲೇ ಇತ್ತು. ಮೂರು ಸುತ್ತು ಹೊಸೆದು, ತುದಿಗೆ ಗಂಟು ಹಾಕಿ, ತುರುಕಿದೆ. ಕೈ ತಾನಾಗಿ ಹೋಯಿತು ಎಂದರೆ ಸುಳ್ಳು. ಒಳ್ಳೆಯದು ಮಾಡಿದೆ ಎಂದುಕೊಂಡೇ ತುರುಕಿದೆ. ಪಂಢರಿಗೆ ಸೈಫನ್ ಕಲಿಸಿದ ಮಾಸ್ತರ ನಾನು.

ಅದಾದ ಐದನೆಯ ದಿನ ಸಾಹುಕಾರನ ಮನೆಯವರೆಲ್ಲ ಭಾಲ್ಕಿಗೆ ಸೀಮಂತಕ್ಕೆ ಹೋಗಿದ್ದರು. ತೊಟ್ಟಿಯ ಒಂದು ಶಂಖದ ಹುಳು ತೆವಳಿ ಬಂದು ಮೊದಲ ಪೈಪಿನಲ್ಲಿ ಕೂತಿತು. ಮೋಟರು ತಳ್ಳಿತು. ಎರಡನೇ ಪೈಪಿನ ಬಾಯಿಗೆ ನನ್ನ ಅರಿವೆ. ಮುನ್ನೂರು ಲೀಟರ್ ಉಪ್ಪುನೀರು, ಮೀನಿನ ಹೇಲುಚ್ಚೆ ಸಮೇತ, ಗ್ರ್ಯಾನೈಟಿನ ಮೇಲೆ ಹರಿದು ಸಂಪಿಗೆ ಇಳಿಯಿತು. ಸಂಪಿನ ತಳದಲ್ಲಿ ಎರಡು ಸಾವಿರ ಲೀಟರ್ ಸಿಹಿನೀರು ಉಳಿದಿತ್ತು, ಮುಂದಿನ ಟ್ಯಾಂಕರಿಗೆ ಇನ್ನೂ ನಾಲ್ಕು ದಿನ.

ಮರುದಿನ ಬೆಳಿಗ್ಗೆ ಸಾಹುಕಾರನ ಆಳು ಮೋಟರಿನ ಹೊರಗಿನ ಸ್ವಿಚ್ಚು ಒತ್ತಿದ, ಓಣಿಯವರು ಎಂದಿನಂತೆ ಕೊಡ ತುಂಬಿಕೊಂಡರು. ಅಕ್ತರಬೀ ಬ್ಯಾಳಿಗೆ ಎರಡು ಸಲ ಉಪ್ಪು ಹಾಕಿದ್ದೀ ಎಂದು ಸೊಸೆಯನ್ನು ಬೈದಳು. ಪಕ್ಕದ ಮನೆಯಲ್ಲಿ ಚಹಾ ಒಡೆಯಿತು. ಆಮೇಲೆ ಯಾರೋ ಕೊಡಕ್ಕೆ ಮೂಗು ಹಿಡಿದರು. ಅದೇ ಹಳೆಯ ನಾತ. ಹನ್ನೊಂದು ಮನೆಯವರು ಕೊಡಗಳನ್ನು ಬೀದಿಗೆ ಚೆಲ್ಲಿದರು. ಕೆಲವರು ವಾಂತಿ ಮಾಡಿಕೊಂಡರು.

ಶಿವರಾಜಪ್ಪ ಭಾಲ್ಕಿಯಿಂದ ಓಡಿಬಂದ, ಮೊದಲು ಮೀನು ಎಣಿಸಿದ. ನಂತರ ಪಂಢರಿಯನ್ನು ಓಣಿಯ ಮುಂದೆ ನಿಲ್ಲಿಸಿದ. ಪಂಢರಿ ಮೂಲೆಗೆ ಕೈ ಹಾಕಿ ಅರಿವೆ ಎಳೆದು ತೆಗೆದ. ಅದರ ಗಂಟು ನೋಡಿದ. ನನ್ನ ಮಾಳಿಗೆಯ ಟಾಕಿ ರಿಪೇರಿ ಮಾಡುವವನೂ ಅವನೇ, ಆ ಗಂಟು ಅವನಿಗೆ ಹೊಸದಲ್ಲ. ಒಮ್ಮೆ ನನ್ನತ್ತ ನೋಡಿ ಕಣ್ಣು ತೆಗೆದ.

"ಯಾರೋ ಬಾಯಿ ಮುಚ್ಯಾರ್ರಿ ಸಾಹುಕಾರ," ಎಂದ ಅಷ್ಟೇ.

"ಯಾರ್ ಮುಚ್ತಾರಲೇ? ಕೆಲಸ ಬರಂಗಿಲ್ಲ ಅನ್ನು. ನಿಮ್ಮಂಥವರ ಕೈಯಾಗ ಕುಡಿಯೋ ನೀರು ಕೊಟ್ಟಿದ್ದು ನನ್ನ ತಪ್ಪು. ನಿನ್ನ ಕೈಯಿಂದ್ಲೇ ಆ ನಳ ಕೀಳು."

ಪಂಢರಿ ತಿರುಪು ಬಿಚ್ಚುವ ಪಾನಾ ತಂದು ನಳ ಕಳಚಿದ, ಪೈಪಿನ ತುದಿಗೆ ಮುಚ್ಚಳ ತಿರುವಿ ಬಿಗಿ ಮಾಡಿದ. ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಅರವತ್ತೆಂಟು ವರ್ಷದ ಮರ್ಯಾದೆ ಬಾಯೊಳಗೆ ಕೂತಿತ್ತು.

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಶಿವರಾಜಪ್ಪನ ಮನೆಗೆ ಹೋದೆ. ಉಗಿಯಲಿ, ಹೊರಗೆ ಹಾಕಲಿ ಎಂದು ಗಟ್ಟಿ ಮಾಡಿಕೊಂಡೇ ಹೋಗಿದ್ದೆ. ಅರಿವೆ ತುರುಕಿದವನು ನಾನು ಎಂದೆ. ಅವನು ನಕ್ಕ.

"ಅಯ್ಯ ಮಾಸ್ತರ್ರ, ನೀವೇನ್ ಬೇಕಂತ ಮಾಡೀರೇನ್ರಿ? ದೊಡ್ಡವರು, ನೀರು ಉಳಿಸ್ಬೇಕಂತ ಮಾಡೀರಿ. ಆಗ್ತದ ಬಿಡ್ರಿ. ಕೂಡ್ರಿ, ಚಹಾ ತಗೋರಿ."

ಬಸಿಯಲ್ಲಿಟ್ಟ ಕಪ್ಪು ಬಂತು. ಸತ್ತ ಎರಡು ಮೀನಿನ ಬದಲು ನಾಲ್ಕು ಬರುತ್ತವೆ ಎಂದ. ನೋಡಿದರೆ ಪಂಢರಿಯ ಎರಡನೇ ಪೈಪು ಮತ್ತೆ ಬಾಯಿ ತೆರೆದು, ಒಣಗಿ ನಿಂತಿತ್ತು. ಅದನ್ನು ಹಾಕಿದವನ ಹೆಸರು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಪಂಢರಿ ಹೆಂಡತಿಯ ತವರು ಭಾಲ್ಕಿಯಿಂದಲೇ ಪುಣೆಯ ಗಾಡಿ ಹತ್ತುತ್ತಾನೆ ಎಂದು ಅಕ್ತರಬೀ ಹೇಳಿದಳು. ಬೀದರಿನಲ್ಲಿ ಅವನನ್ನು ಕೆಲಸಕ್ಕೆ ಕರೆಯುವವರೇ ಇರಲಿಲ್ಲ, ನೀರು ಕೆಡಿಸಿದವನು ಎಂಬ ಮಾತು ಅಷ್ಟು ಬೇಗ ಹಬ್ಬಿತ್ತು. ಬಸ್ಸು ಹಿಡಿದು ಭಾಲ್ಕಿಯ ಸ್ಟೇಶನ್ನಿಗೆ ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ಹಾಸಿಗೆ ಸುರುಳಿಯ ಮೇಲೆ ಭಾಗೀರಥಿಬಾಯಿ, ಪಕ್ಕದಲ್ಲಿ ಸಾಮಾನಿನ ಚೀಲ ಹಿಡಿದು ಇವನು.

"ಪಂಢರಿ, ಶಿವರಾಜಪ್ಪಗ ಹೇಳಿ ಬಂದೆನಪ್ಪ. ಮುಚ್ಚಿದವ ನಾನು ಅಂತ ಹೇಳಿದೆ."

"ಏನಂದ್ರರಿ ಅವರು?"

"ಆಗ್ತದ ಬಿಡ್ರಿ ಅಂದ."

ಅವನು ತಲೆ ಆಡಿಸಿದ. ಗಾಡಿ ಒಳಗೆ ಬರುತ್ತಿತ್ತು. ಚೀಲ ಹೆಗಲಿಗೆ ಏರಿಸಿಕೊಂಡು ತಿರುಗಿ ಕೇಳಿದ.

"ಓಣಿ ನಳ ಮತ್ತ ಹಚ್ಚಸ್ತಾರಂತೇನ್ರಿ?"

ನಾನು ಬರುತ್ತಿದ್ದ ಗಾಡಿಯತ್ತ ನೋಡಿದೆ.

"ಅದನ್ನ ಅವರಿಗೆ ಕೇಳಿದ್ರೇನ್ರಿ ಸರ್?"

ಕೇಳಿರಲಿಲ್ಲ. ನನ್ನ ಪಾಪ ಹೇಳಿ, ಎದೆ ಹಗುರ ಮಾಡಿಕೊಂಡು, ಚಹಾ ಕುಡಿದು ಎದ್ದು ಬಂದಿದ್ದೆ.