ಬಾಗಿಲ ಸಂದಿಯ ಚನ್ನಬಸಪ್ಪನವರು

ಬಾಗಿಲು ನಾಲ್ಕು ಬೆರಳಷ್ಟು ತೆರೆಯುತ್ತಿತ್ತು, ಅಷ್ಟೇ. ಸಂದಿಯಲ್ಲಿ ಅರ್ಧ ಮುಖ, ಅದರ ಕೆಳಗೊಂದು ಟಾರ್ಚು. ಹೈದರಾಬಾದಿನ ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರಿಗೆ ಕಿಟಕಿಯಿಲ್ಲ, ಹಗಲಲ್ಲೂ ಕತ್ತಲೆ. ಎದುರು ಮನೆಯ ಚನ್ನಬಸಪ್ಪನವರು ಬಂದವರ ಮೇಲೆ ಬೆಳಕು ಬಿಡುವುದು ಬಿಟ್ಟು ತಮ್ಮ ಗಲ್ಲದ ಕೆಳಗೇ ಟಾರ್ಚು ಹಿಡಿಯುತ್ತಿದ್ದರು. ಹುಬ್ಬಿನ ನೆರಳು ಹಣೆಗೇರಿದ ಆ ಮುಖ ಕಂಡು ಕೊರಿಯರ್ ತಂದವರು ಹಿಂದೆ ಸರಿಯುತ್ತಿದ್ದರು. ಪರಿಚಯವಾದ ಮೇಲೊಮ್ಮೆ, ಯಾಕೆ ಹೀಗೆ ಎಂದು ಕೇಳಿದೆ.

"ಬಂದವರು ಯಾರಂತ ನನಗ ಆಮ್ಯಾಲೂ ತಿಳೀತೈತ್ರಿ. ಒಳಗೊಬ್ಬಾಂವ ಎಚ್ಚರ ಅದಾನಂತ ಅವರಿಗೆ ಮೊದಲು ತಿಳೀಲಿ."

ರಾಯಚೂರಿನವರು. ಹೈದರಾಬಾದಿನ ಸರ್ಕಾರಿ ಗೋದಾಮುಗಳ ಬೀಗ, ಮುದ್ರೆ ತಪಾಸಣೆ ಮಾಡುತ್ತಲೇ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಗಳು ಪಟಾನ್‌ಚೆರುವಿನಲ್ಲಿದ್ದಳು. ಹಾಲು, ಲಿಫ್ಟು, ವಾಚ್‌ಮನ್, ತರಕಾರಿಯವನ ತಕ್ಕಡಿ, ಯಾವುದರ ಮೇಲೂ ಅವರಿಗೆ ನಂಬಿಕೆಯಿಲ್ಲ. ನಾನು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿಸಿಕೊಂಡು ಒಂದು ದಿನ ತೆಲುಗು ಬಿಟ್ಟು ಕನ್ನಡಕ್ಕಿಳಿದರು. ನಮ್ಮ ಭಾಷೆ ಕೇಳಿ ಅವರಿಗೆ ಸಂತೋಷವಾಗಿರಬೇಕು ಎಂದುಕೊಂಡೆ.

"ನಮ್ಮ ಕಡೆಯವರೇನು? ಹಂಗಾದ್ರ ಇನ್ನೂ ಹುಷಾರಿರಬೇಕು. ಹೊರಗಿನವರು ಹೊಸ್ತಿಲದಾಗ ನಿಂದರತಾರ್ರಿ, ನಮ್ಮವರು ಸೀದಾ ಅಡಿಗಿಮನಿಗೆ ಬರತಾರ."

ನಾನು ಫೋಟೋಗ್ರಾಫರ್. ಆ ವರ್ಷ ಮಾದಾಪುರದ ಒಂದು ಕಾಫಿ ಅಂಗಡಿಯವರು ಅಕ್ಟೋಬರಿನ ಹ್ಯಾಲೋವೀನ್ ಎಂಬ ಭೂತವೇಷದ ಹಬ್ಬಕ್ಕೆಂದು ದೆವ್ವದ ಭಾವಚಿತ್ರಗಳ ಸರಣಿ ಕೇಳಿದ್ದರು. ತಲೆಬುರುಡೆ, ಸುಳ್ಳು ರಕ್ತ ನನಗೆ ಬೇಡವಾಗಿತ್ತು. ತಲೆ ತುಂಬ ಆ ಬಾಗಿಲ ಸಂದಿಯೇ. ಗೆಳತಿಯರನ್ನು ಕಾರಿಡಾರಿಗೆ ಕರೆಸಿ, ನನ್ನ ಮನೆಯ ಅರೆತೆರೆದ ಬಾಗಿಲಲ್ಲಿ ಟಾರ್ಚು ಕೊಟ್ಟು ನಿಲ್ಲಿಸಿದೆ. ಎಲ್ಲರೂ ದೆವ್ವದಂತೆಯೇ ಕಂಡರು, ಆದರೆ ಯಾರನ್ನು ನೋಡಿದರೂ ಹೆದರಿಕೆ ಹುಟ್ಟಲಿಲ್ಲ. ಅವರ ಕಣ್ಣಲ್ಲಿ ಅನುಮಾನ ಇರಲಿಲ್ಲ. ಕೊನೆಗೆ ಚನ್ನಬಸಪ್ಪನವರನ್ನೇ ಕೇಳಿದೆ.

"ನನ್ನ ಮಾರಿ ತೊಗೊಂಡು ಎಲ್ಲಿ ಇಡತೀರಿ?"

"ಕಾಫಿ ಅಂಗಡಿ ಗ್ವಾಡಿಗೆ, ಕಾಕಾ."

"ಅಲ್ಲಿ ಯಾರ‍್ಯಾರು ಬರತಾರ?"

"ಯಾರು ಬೇಕಾದ್ರೂ ಬರತಾರ್ರಿ."

"ಅದಕ್ಕ ಬ್ಯಾಡ."

ಬಾಗಿಲು ಮುಚ್ಚಿತು. ಮರುಕ್ಷಣ ಮತ್ತೆ ನಾಲ್ಕು ಬೆರಳು ತೆರೆಯಿತು. "ಆ ಉದ್ದಜಡಿ ಹುಡುಗಿ ಟಾರ್ಚ್ ಭಾಳ ಮ್ಯಾಲ ಹಿಡದಿತ್ತು. ಇನ್ನಷ್ಟು ಕೆಳಗ ಇರಬೇಕು." ಇಡೀ ದಿನ ಕಿಂಡಿಯಿಂದ ನೋಡುತ್ತಿದ್ದರು ಅಂತಾಯಿತು.

ಸರಣಿ ಅವರಿಲ್ಲದೆಯೇ ಗೋಡೆಗೇರಿತು. ನವೆಂಬರಿನಲ್ಲಿ ಅವರೇ ನನ್ನ ಗಂಟೆ ಒತ್ತಿದರು. ಪಿಂಚಣಿದಾರರು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು. ಮೊಣಕಾಲು ನೋವು, ಕಚೇರಿಗೆ ಹೋಗಲಾರರು. ಫೋನಿಗೆ ಮುಖ ತೋರಿಸಿದರೂ ಆಗುತ್ತದಂತೆ. ಮೊದಲ ಬಾರಿ ಬಾಗಿಲ ಸರಪಳಿ ತೆಗೆದು ನನ್ನನ್ನು ಒಳಗೆ ಕರೆದರು.

ನಾನು ಅವರ ಮುಖಕ್ಕೆ ಹಿಡಿದ ಫೋನು ಕಣ್ಣು ಮಿಟುಕಿಸಲು ಹೇಳಿತು. ಇವರು ಒಲ್ಲರು.

"ನಾ ಕಣ್ಣು ಮುಚ್ಚಿದಾಗ ಇದು ಏನ ಮಾಡತೈತಿ ಅಂತ ಯಾರು ನೋಡಾವ್ರು?"

ಎಷ್ಟು ಸಲ ಹಿಡಿದರೂ ಅದೇ ದಿಟ್ಟಿಸುವ ನೋಟ. ಫೋನು ಒಪ್ಪಲಿಲ್ಲ. ಅವರು ಕುರ್ಚಿಯ ಅಂಚಿಗೆ ಸರಿದರು. "ಪೆನ್ಷನ್ ನಿಂತ್ರ ಈ ಮನಿ ಬಿಡಬೇಕಾಗತೈತಿ. ಮಗಳಿಗೆ ಭಾರ ಆಗಿ ಕುಂದ್ರೂದು ನನ್ನಿಂದ ಆಗೂದಿಲ್ರಿ."

"ನಾ ನೋಡತೀನ್ರಿ ಕಾಕಾ. ನೀವು ಮುಚ್ಚರಿ."

ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕಣ್ಣು ಮಿಟುಕಿಸಿದರು. ಫೋನು ಒಪ್ಪಿತು.

"ಆತ್ರಿ. ನೀವು ಬದುಕೀರಿ."

"ಅದು ಹೇಳಿತೇನು? ಇನ್ನೊಮ್ಮೆ ನೋಡ್ರಿ." ನಗು ತಡೆದುಕೊಂಡು ಇನ್ನೊಮ್ಮೆ ನೋಡಿದೆ. ಅವರು ಕುರ್ಚಿಗೊರಗಿದರು. "ಕ್ಯಾಮೆರಾ ತಾ, ತಂಗಿ. ನೀ ಕೇಳಿದ್ದ ಫೋಟೋನೂ ಒಂದು ಆಗಲಿ." ಅಂದವರು ನಾನು ಹೇಳದೆಯೇ ಮತ್ತೆ ಕಣ್ಣು ಮುಚ್ಚಿ, ನಿರಾಳವಾಗಿ ಕೂತರು. ಕ್ಯಾಮೆರಾ ತಂದು ಒಂದು ಚಿತ್ರ ತೆಗೆದೆ. ದೆವ್ವದ ಸರಣಿಗೆ ಅದು ಏನೇನೂ ಒದಗುವಂತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ಪೂಜೆಗಿಡಲು ಫೋಟೋ ಕೇಳಿಕೊಂಡು ಮಗಳು ಬಂದಳು. ನನ್ನ ಬಳಿ ಇದ್ದದ್ದು ಅದೊಂದೇ. ಮುಚ್ಚಿದ ಕಣ್ಣು ನೋಡಿ ಅವಳ ಮುಖ ಬಿಗಿಯಿತು.

"ಇದು ಯಾವಾಗ ತಗದಿದ್ದು? ಜೀವ ಇದ್ದಾಗಿಂದೇನು?"

ನಡೆದದ್ದೆಲ್ಲ ಹೇಳಿದೆ. ಅವಳು ಚಿತ್ರವನ್ನು ಕೆಳಗಿಡಲಿಲ್ಲ.

"ನಾ ಸಣ್ಣಾಕಿ ಇದ್ದಾಗ ಕಣ್ಣಾಮುಚ್ಚಾಲಿ ಆಡಿದ್ರೂ ಅಪ್ಪ ಬೆರಳ ನಡಕ ನೋಡಾವ್ರು," ಅಂದಳು. "ನನ್ನ ಮುಂದ ಒಮ್ಮೇನೂ ಕಣ್ಣು ಪೂರಾ ಮುಚ್ಚಲಿಲ್ರಿ."