ಸಿದ್ದಗಂಗಯ್ಯನವರು ಕೈಮುಗಿದ ದಿನ

ಸಿದ್ದಗಂಗಯ್ಯನವರು ಹೊಡೆದಾಟದ ಆಸಾಮಿ, ಅದಕ್ಕೇ ಕೆಲಸ ಹೋಯಿತು ಎಂದು ಈಗಲೂ ಹೇಳುವವರಿದ್ದಾರೆ. ಅದು ಸುಳ್ಳು. ಗುಬ್ಬಿ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಅವರು ಜವಾನರಾಗಿದ್ದರು. ನಾನು ಅಲ್ಲಿಯೇ ಅಧ್ಯಾಪಕನಾಗಿದ್ದು ನಿವೃತ್ತನಾದವನು. ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ನಮ್ಮ ಶಾಲೆಯ ಗಂಟೆ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡು. ಬೆಳಗಿನ ಪ್ರಾರ್ಥನೆಗೆ ಅವರು ಅದನ್ನು ನಿಧಾನವಾಗಿ, ಬಿಡಿಬಿಡಿಯಾಗಿ ಬಡಿಯುತ್ತಿದ್ದರು. ಸಂಜೆಯ ಗಂಟೆ ಮಾತ್ರ ಓಡುವ ಮಕ್ಕಳ ಕಾಲಿಗೆ ತಾಳ ಹಾಕಿದಂತಿರುತ್ತಿತ್ತು.

೧೯೯೮ರಲ್ಲಿ, ಅವರ ಮನೆಯ ಬೇಲಿಯ ಮೇಲೆ ಬಿದ್ದ ತೆಂಗಿನಕಾಯಿ ಯಾರದೆಂಬ ಮಾತು ಬೆಳೆದು, ಪಕ್ಕದ ತೋಟದ ವೆಂಕಟರಂಗಯ್ಯ ಇವರ ಕೊರಳಪಟ್ಟಿ ಹಿಡಿದರು. ಬಿಡಿಸಿಕೊಳ್ಳಲು ಇವರು ತಳ್ಳಿದರು. ವೆಂಕಟರಂಗಯ್ಯ ಚಪ್ಪಡಿ ಕಲ್ಲಿನ ಮೇಲೆ ಬಿದ್ದು ಹಣೆ ಒಡೆಯಿತು. ಅವರ ಅಳಿಯ ದೂರು ಕೊಟ್ಟ. ಸ್ವಇಚ್ಛೆಯಿಂದ ಗಾಯಪಡಿಸಿದ ಆರೋಪ, ದಂಡಸಂಹಿತೆಯ ೩೨೩ನೆಯ ಕಲಮು.

ಇದಕ್ಕೆ ಉತ್ತರವಿರಲಿಲ್ಲವೆ? ಇತ್ತು. ಮೈಮೇಲೆ ಬಿದ್ದವರಿಂದ ಬಿಡಿಸಿಕೊಳ್ಳುವುದು ಆತ್ಮರಕ್ಷಣೆಯ ಹಕ್ಕು. ಗಾಯಗೊಂಡವರು ಒಪ್ಪಿದರೆ ರಾಜಿಗೂ ಅವಕಾಶವಿತ್ತು. ವಕೀಲರಿಗೆ ಕೊಡಲು ಇಲ್ಲದವರಿಗೆ ಸರ್ಕಾರವೇ ವಕೀಲರನ್ನು ಒದಗಿಸುವ ಕಾನೂನು ಆಗಲೇ ಜಾರಿಯಲ್ಲಿತ್ತು. ಅದನ್ನು ಅವರಿಗೆ ತಿಳಿಸುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ನಮ್ಮ ಕಡೆ ಜಗಳವಾದರೆ ಹಿರಿಯರು ಇಬ್ಬರನ್ನೂ ಕರೆಸುತ್ತಾರೆ. ಪೆಟ್ಟು ತಿಂದವನ ಎದುರು ಮತ್ತೊಬ್ಬ ಕೈಮುಗಿದು ‘ತಪ್ಪಾಯ್ತು’ ಎನ್ನಬೇಕು. ಯಾರು ಮೊದಲು ಕೈಮಾಡಿದರೆಂದು ಆಮೇಲೆ ಯಾರೂ ಕೇಳುವುದಿಲ್ಲ. ಅದು ಮರ್ಯಾದೆಯ ಮಾತು, ತಪ್ಪೊಪ್ಪಿಗೆಯಲ್ಲ. ನ್ಯಾಯಾಧೀಶರು ಆರೋಪ ಓದಿ ಕೇಳಿದಾಗಲೂ ಸಿದ್ದಗಂಗಯ್ಯನವರು ಕೈಮುಗಿದರು.

“ತಪ್ಪಾಯ್ತು ಬುದ್ಧಿ.”

ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ದಾಖಲಾಯಿತು. ದಂಡ ಕಟ್ಟಿ ಹೊರಬಂದವರಿಗೆ ವೆಂಕಟರಂಗಯ್ಯನವರೇ ಕಾಫಿ ಕೊಡಿಸಿದರು.

“ಮುಗೀತಲ್ಲ, ಬುಡಣ್ಣ. ಆ ಕಾಯಿ ನೀನೇ ಇಟ್ಕೊ.”

“ನಿನ್ನ ತಲೆ ಮುಂದೆ ಆ ಕಾಯೇ ಮೆತ್ತಗೈತೆ ಕಣೋ,” ಎಂದರು ಇವರು.

ಇಬ್ಬರಿಗೂ ಅದು ಮುಗಿದ ವಿಷಯ. ಶಿಕ್ಷೆಯಾದವನೆಂದು ಆಡಳಿತ ಮಂಡಳಿ ಅವರನ್ನು ಕೆಲಸದಿಂದ ತೆಗೆದಾಗಲೇ, ಅಂದು ಆಡಿದ ಮಾತಿನ ಅರ್ಥ ಬೇರೆಯಾಗಿತ್ತೆಂದು ಅವರಿಗೆ ತಿಳಿದದ್ದು.

ಕೆಲಸ ಹೋದ ಮೇಲೆ ಅವರು ಹೆಂಡತಿಯ ತವರಾದ ಕುಣಿಗಲ್ ತಾಲ್ಲೂಕಿಗೆ ಹೋದರು. ಯಡಿಯೂರಿನಲ್ಲಿ ಯಾತ್ರಿಕರ ಛತ್ರವೊಂದರ ಕಸ ಗುಡಿಸುತ್ತಿದ್ದ ಅವರನ್ನು ನಾನು ಹೋಗಿ ಕಂಡೆ. ದೇವಸ್ಥಾನದ ಗಂಟೆ ಕೇಳಿಸುತ್ತಿತ್ತು.

“ಇಲ್ಲಿ ಬಂದೋರೆಲ್ಲ ಗಂಟೆ ಹೊಡೀತಾರೆ ಮೇಷ್ಟ್ರೆ,” ಎಂದರು. “ಹೊತ್ತು ನೋಡಿ ಹೊಡಿಯೋರಿಲ್ಲ. ಬೆಳಿಗ್ಗೆ ಪ್ರಾರ್ಥನೆ ಹೊತ್ತಾದ್ರೆ ಕೈ ಸುಮ್ನೆ ಇರಲ್ಲ.”

ತುಮಕೂರಿಗೆ ಕರೆದುಕೊಂಡು ಹೋದೆ. ಉಚಿತ ಕಾನೂನು ನೆರವಿನಲ್ಲಿ ಸಿಕ್ಕ ವಕೀಲೆ ಅನುಪಮಾ ಕಡತ ಓದಿ ಹೇಳಿದರು: “ಸರ್, ಆರೋಪಿ ಏನಂತಾನೋ ಆದಷ್ಟೂ ಅದೇ ಮಾತಲ್ಲಿ ಬರ್ಕೋಬೇಕು ಅಂತ ಕಾನೂನಿದೆ. ಇಲ್ಲಿ ಇವ್ರ ಮಾತೇ ಇಲ್ಲ.”

ತಡವಾಗಿ ಸಲ್ಲಿಸಿದ ಪುನರೀಕ್ಷಣಾ ಅರ್ಜಿಯನ್ನು ಮೇಲಿನ ನ್ಯಾಯಾಲಯ ಅಂಗೀಕರಿಸಿ, ಶಿಕ್ಷೆ ರದ್ದುಪಡಿಸಿ, ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು. ಅಲ್ಲಿ ವೆಂಕಟರಂಗಯ್ಯ ರಾಜಿಗೆ ಸಹಿ ಹಾಕಿದರು. “ನಾನು ಅವತ್ತೇ ಬುಟ್ಟಿದ್ನಲ್ಲ ಸ್ವಾಮಿ, ಇಷ್ಟು ವರ್ಷ ಯಾಕೆ ಹಿಡ್ಕಂಡಿದ್ರಿ?” ಎಂದು ಕೇಳಿದರು. ೨೦೦೨ರಲ್ಲಿ ಸಿದ್ದಗಂಗಯ್ಯನವರ ಖುಲಾಸೆಯಾಯಿತು.

ಆದೇಶದ ಪ್ರತಿ ಹಿಡಿದು ಅವರೊಡನೆ ಶಾಲೆಗೆ ಹೋದೆ. ಹುದ್ದೆ ರದ್ದಾಗಿದೆ, ವಿದ್ಯುತ್ ಗಂಟೆ ಹಾಕಿಸಿದ್ದೇವೆ ಎಂದರು ಆಡಳಿತ ಮಂಡಳಿಯ ಕಾರ್ಯದರ್ಶಿ. ಬೇವಿನ ಕೊಂಬೆಯಲ್ಲಿ ಕಂಬಿ ತುಕ್ಕು ಹಿಡಿದು ಇನ್ನೂ ತೂಗುತ್ತಿತ್ತು. ನಿರಪರಾಧಿಗೆ ಕೆಲಸ ಹಿಂದಿರುಗಿಸಲು ಯಾವ ಕಲಮು ಬೇಕೆಂದು ನಾನು ಕೇಳಿದೆ; ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಸಿದ್ದಗಂಗಯ್ಯನವರು ಬೇರೊಂದು ಪ್ರಶ್ನೆ ಕೇಳಿದರು.

“ಕರೆಂಟ್ ಹೋದಾಗ ಯಾರು ಹೊಡೀತಾರೆ ಸಾರ್?”

ಆ ಬೇಸಿಗೆಯಲ್ಲಿ ವಿದ್ಯುತ್ ಕಡಿತ ಹೆಚ್ಚಾಗಿತ್ತು. ಗುಬ್ಬಿಯ ಕಡೆ ಬಂದಾಗಲೆಲ್ಲ ಅವರು ಶಾಲೆಯ ಎದುರಿನ ಮೋರಿಕಟ್ಟೆಯ ಮೇಲೆ, ಪಂಚೆ ಸರಿಮಾಡಿಕೊಂಡು, ಬೇವಿನ ಮರದತ್ತ ನೋಡುತ್ತ ಕುಳಿತಿರುತ್ತಿದ್ದರು.