ತಾನೇ ತಿರುಗಿದ ಕಲ್ಲು

ದಾವಣಗೆರೆಯ ಆ ಬೆಣ್ಣೆ ದೋಸೆ ಹೋಟೆಲಿಗೆ ಕರೆಂಟಿನ ರುಬ್ಬುವ ಯಂತ್ರ ಬಂದದ್ದು ಅರವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ. ಅದಕ್ಕೆ ಹಸಿರು ಬಣ್ಣವಿತ್ತೆಂದು ನನ್ನ ನೆನಪು. ನೀಲಿ ಇದ್ದರೂ ಇದ್ದೀತು. ಕೊಳ್ಳಿರೆಂದು ಹೋಟೆಲಿನ ಸಾಹುಕಾರರಿಗೆ ಹೇಳಿದವನು ಮಾತ್ರ ನಾನೇ, ಅದರಲ್ಲಿ ಅನುಮಾನವಿಲ್ಲ. ಆಗ ಮೈಸೂರಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ರಜೆಗೆ ಹರಿಹರದ ಮನೆಗೆ ಬಂದರೆ ಕೂತಲ್ಲಿ ಕೂರಲಾಗದೆ ರೈಲು ಹತ್ತಿ ದಾವಣಗೆರೆಗೆ ಹೋಗುತ್ತಿದ್ದೆ.

ಆ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದವರು ನಮ್ಮ ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ಆ ಒರಳುಕಲ್ಲೇ ಅವರಿಗೆ ಅನ್ನ. ಸಲಹೆ ಕೊಡುವಾಗ ಇದು ನನಗೆ ಹೊಳೆಯಲೇ ಇಲ್ಲ.

ಯಂತ್ರಕ್ಕೆ ವಿಭೂತಿ ಬಳಿದು, ಹೂವಿಟ್ಟು, ಕಾಯಿ ಒಡೆದರು. ಗುಂಡಿ ಒತ್ತಿದೊಡನೆ ಯಾರೂ ಮುಟ್ಟದೆ ಕಲ್ಲು ತಿರುಗತೊಡಗಿತು. ಮೋಟಾರಿನ ಸೂತ್ರ ಬರೆಯಬಲ್ಲ ನಾನೂ ಬಾಯಿ ತೆರೆದು ನಿಂತೆ.

"ಇನ್ನ ನೀವು ಆರಾಮ್ ಇರ್ರಿ ಅಕ್ಕಾರ," ಎಂದರು ಸಾಹುಕಾರರು.

"ಆರಾಮ್ ಇದ್ರೆ ಉಣ್ಣಾಕೆ ಯಾರ್ ಇಕ್ತಾರ್ರಿ?" ದೊಡ್ಡಮ್ಮ ನಗುತ್ತಲೇ ಕೇಳಿದರು. ನೋಡಿದ್ದು ಮಾತ್ರ ನನ್ನನ್ನು.

ಅಕ್ಕಿ, ಉದ್ದು ನುಣ್ಣಗಾದ ಮೇಲೆ ನೆನೆಸಿದ ಮಂಡಕ್ಕಿಯನ್ನು ಕೊನೆಗೆ ಹಾಕಿ ನಾಲ್ಕು ಸುತ್ತು ತಿರುವುವುದು ಅವರ ಪದ್ಧತಿ. ಯಂತ್ರಕ್ಕೆ ಎಲ್ಲ ಒಂದೇ ಎಂದು ಅಡುಗೆಯವರು ಮೂರನ್ನೂ ಒಟ್ಟಿಗೆ ಸುರಿದು, ಬಹಳ ಹೊತ್ತು ತಿರುಗಲು ಬಿಟ್ಟರು. ಮರುದಿನ ಬೆಳಗ್ಗೆ ಹಿಟ್ಟು ಉಕ್ಕಿ ನೆಲಕ್ಕೆ ಇಳಿದಿತ್ತು. ದೋಸೆ ಕಾವಲಿ ಬಿಟ್ಟು ಏಳಲಿಲ್ಲ.

"ಏನ್ರಿ ಸಾವ್ಕಾರ್ರೆ, ನಿಮ್ಮ ಯಂತ್ರ ಹುಣಸೆಹಣ್ಣೂ ಹಾಕ್ತೈತೇನು?" ಎಂದು ದಿನಾ ಬರುವ ಗಿರಾಕಿಯೊಬ್ಬ ಅರ್ಧ ದೋಸೆ ಬಿಟ್ಟು ಎದ್ದ.

ಮಧ್ಯಾಹ್ನ ತಾವು ಕೂತು ರುಬ್ಬುತ್ತಿದ್ದ ಮಣೆ ಒಯ್ಯಲು ದೊಡ್ಡಮ್ಮ ಬಂದರು. ಯಂತ್ರ ಮತ್ತೆ ತಿರುಗುತ್ತಿತ್ತು. ಸ್ವಲ್ಪ ಹೊತ್ತು ನೋಡಿದರು. ನಿಲ್ಲಿಸಲು ಹೇಳಿ ಹಿಟ್ಟಿಗೆ ಕೈ ಹಾಕಿದರು.

"ಇದಕ್ಕೆ ಜ್ವರ ಬಂದೈತಲ್ರೀ."

ನಾನೂ ಕೈ ಹಾಕಿದೆ. ಹಿಟ್ಟು ನಿಜಕ್ಕೂ ಬೆಚ್ಚಗಿತ್ತು. ಘರ್ಷಣೆಯಿಂದ ಶಾಖ ಹುಟ್ಟುತ್ತದೆ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು; ಅದರಿಂದಲೇ ಹಿಟ್ಟು ಬೇಗ ಹುಳಿಯುತ್ತದೆಂದು ಕಂಡುಕೊಂಡವರು ಓದು ಬಾರದ ದೊಡ್ಡಮ್ಮ. ಗಡಿಗೆಯ ತಣ್ಣೀರು ಸುರಿಸಿ, ನಡುನಡುವೆ ಯಂತ್ರ ನಿಲ್ಲಿಸಿ, ಮಂಡಕ್ಕಿಯನ್ನು ಕೊನೆಗೆ ತಾವೇ ಹಾಕಿದರು. ಮಾರನೆಯ ದಿನ ದೋಸೆ ಗರಿಗರಿಯಾಗಿ ಎದ್ದಿತು. ತಾನೇ ತಿರುಗುವ ಕಲ್ಲಿಗಿಂತ ದೊಡ್ಡ ಸೋಜಿಗ ನನಗೆ ಅದು.

ಅವರು ಜ್ವರ ಎಂದರೋ, ಬರೀ ಬಿಸಿ ಎಂದರೋ, ಈಗ ಆಣೆ ಮಾಡಿ ಹೇಳಲಾರೆ. ಆ ಬಿಸುಪು ಮಾತ್ರ ನನ್ನ ಬೆರಳುಗಳಲ್ಲಿ ಇನ್ನೂ ಇದೆ.

"ಅಕ್ಕಾರ, ಮಣೆ ಇಲ್ಲೇ ಇರ್ಲಿ," ಎಂದರು ಸಾಹುಕಾರರು.

"ಮಣೆ ಯಾಕ್ರಿ? ನಿಮ್ಮ ಯಂತ್ರ ಎತ್ತರ ಐತೆ. ಒಂದು ಸ್ಟೂಲ್ ತರಿಸ್ರಿ."